ನಲವತ್ತೊಂದನೇ ನಿಯಮದ ಆನೆ

ಅತ್ತಿಗೆಯ ಮುಖ ಕಂಡರೆ ಚೆಸ್ ಟೀಚರಿಗೆ ಮೈ ಉರಿಯುತ್ತಿತ್ತು. ಇವತ್ತು ಅದೇ ಮುಖದ ಪಕ್ಕ, ಒಂದೇ ಮೇಜಿಗೆ ಕುರ್ಚಿ ಎಳೆದುಕೊಂಡು ನಾಲ್ಕು ಗಂಟೆ ಕೂರುವ ಗ್ರಹಚಾರ. ಸ್ಪರ್ಧೆಯ ಹಾಲಿನಲ್ಲಿ ಆಡುತ್ತಿದ್ದದ್ದು ಮನುಷ್ಯರಲ್ಲ, ಕಂಪ್ಯೂಟರ್ ಪ್ರೋಗ್ರಾಮುಗಳು. ಅವುಗಳನ್ನು ಹೆತ್ತವರು ಕೈಕಟ್ಟಿಕೊಂಡು ಪರದೆ ನೋಡುತ್ತಿದ್ದರು. ಇವರ ಪ್ರೋಗ್ರಾಮಿಗೆ ತಾಯಂದಿರು ಇಬ್ಬರು. ತಾಪತ್ರಯವೆಲ್ಲ ಅದೇ.

ಬರೆದವಳು ಅತ್ತಿಗೆ. ಅವಳಿಗೆ ಆಳವೇ ದೇವರು: ಇಪ್ಪತ್ತು ನಡೆ ಮುಂದಕ್ಕೆ ಎಣಿಸುವ ಯಂತ್ರಕ್ಕೆ ಬುದ್ಧಿ ಯಾಕೆ, ಇಪ್ಪತ್ತೆರಡು ಎಣಿಸಲಿ. ಟೀಚರ್ ಕೊಟ್ಟದ್ದು ತಿಳಿವಳಿಕೆ: ತೀರಿಹೋದ ಅಪ್ಪ ಕಲಿಸಿದ ಕೊನೆಯಾಟದ ಗುಟ್ಟುಗಳು, ಒಂದು ನೋಟ್‌ಬುಕ್ಕಿನಲ್ಲಿ ಅರವತ್ತು ನಿಯಮ. ಯಂತ್ರ ಎಷ್ಟು ಎಣಿಸಿದರೂ ಕಾಣದ ಕೆಲವು ಡ್ರಾಗಳು ಗೊತ್ತಿದ್ದವರಿಗೆ ಒಂದೇ ನೋಟಕ್ಕೆ ಸಿಗುತ್ತವೆ.

"ನಿನ್ನ ಒಂದೊಂದು ನಿಯಮ ನೋಡೋಕೂ ಅದಕ್ಕೆ ಟೈಮ್ ಬೇಕು. ಅಷ್ಟು ಆಳ ಕಮ್ಮಿ ಆಗುತ್ತೆ," ಎಂದು ಅತ್ತಿಗೆ ಮೊದಲ ವಾರವೇ ಮುಖ ಸಿಂಡರಿಸಿದ್ದಳು.

"ಎಣಿಸೋದು ಬಿಟ್ರೆ ನಿಮಗೆ ಆಟದಲ್ಲಿ ಏನು ಗೊತ್ತು ಅತ್ತಿಗೆ?" ಎಂದು ಇವಳೂ ಬಿಟ್ಟಿರಲಿಲ್ಲ.

ಎರಡು ತಿಂಗಳಲ್ಲಿ ಮಾತು ನಿಂತಿತು. ನೋಟ್‌ಬುಕ್ ಮಾತ್ರ ಅಣ್ಣನ ಕೈಯಲ್ಲಿ ಮಹಡಿ ಹತ್ತಿ ಇಳಿಯುತ್ತಿತ್ತು. ಪಾಪ, ಒಬ್ಬಳಿಗೆ ಗಂಡ, ಇನ್ನೊಬ್ಬಳಿಗೆ ಅಣ್ಣ, ಇಬ್ಬರಿಗೂ ಪೋಸ್ಟ್‌ಮ್ಯಾನ್.

ಈ ಬೆಳಿಗ್ಗೆ ಅತ್ತಿಗೆ ತಾನಾಗಿಯೇ ಬಾಯಿ ಬಿಟ್ಟಿದ್ದಳು. "ಇವತ್ತು ಗೆದ್ರೆ ನಿನ್ನ ಪುಸ್ತಕ ಒಳಗಿರುತ್ತೆ. ಇಲ್ಲಾಂದ್ರೆ ಅರವತ್ತೂ ಕಿತ್ತು ಹಾಕ್ತೀನಿ. ಆಮೇಲೆ ಅಳ್ಬೇಡ."

"ಅಳೋರು ಯಾರು ಅಂತ ನೋಡೋಣ," ಎಂದಳು ಟೀಚರ್. ಅಪ್ಪನದು ಅಂತ ಈ ಲೋಕದಲ್ಲಿ ಇನ್ನೂ ಆಡುತ್ತಿದ್ದದ್ದು ಆ ಅರವತ್ತು ನಿಯಮ ಮಾತ್ರ.

ಆಟ ಕೊನೆಗೆ ಬಂತು. ಎದುರಾಳಿಯ ರಾಜ ಮೂಲೆಯ ಪಕ್ಕದಲ್ಲಿದ್ದ. ಅವನಿಗೆ ಉಳಿದದ್ದು ಒಂದು ಕುದುರೆ, ಕುದುರೆಗೆ ಕಾವಲಾಗಿ ಒಂದು ಕಾಲಾಳು. ಇವರಿಗೆ ರಾಜನಲ್ಲದೆ ಅಂಚಿನಲ್ಲೊಂದು ಕಾಲಾಳು, ನೇರ ಓಡುವ ಒಂದು ಕಾಯಿ, ಓರೆ ಓಡುವ ಒಂದು ಕಾಯಿ. ನೇರದ್ದೂ ಓರೆಯದ್ದೂ ಕುದುರೆಗೇ ಗುರಿಯಿಟ್ಟಿದ್ದವು. ಓರೆಯದನ್ನು ಮೊದಲು ಬಲಿಕೊಟ್ಟರೆ ಕುದುರೆಯೂ ಕಾಲಾಳೂ ಹೋಗಿ ನೇರದ್ದು ಉಳಿಯುತ್ತದೆ. ಕಣ್ಣು ಮುಚ್ಚಿಕೊಂಡು ಗೆಲ್ಲಬಹುದು. ನೇರದ್ದನ್ನು ಕೊಟ್ಟರೆ ಉಳಿಯುವುದು ಓರೆಯದು. ಅದು ಬಿಳಿಮನೆ ಬಿಟ್ಟು ಓಡದು. ಇವರ ಕಾಲಾಳು ಮುಟ್ಟಬೇಕಾದ ಮೂಲೆಯೋ ಕಪ್ಪು. ಎದುರಾಳಿಯ ರಾಜ ಆ ಮೂಲೆ ಹಿಡಿದು ಕೂತರೆ ಬ್ರಹ್ಮ ಬಂದರೂ ಎಬ್ಬಿಸಲಾರ. ನಲವತ್ತೊಂದನೇ ನಿಯಮ ಇರುವುದೇ ಇದಕ್ಕೆ. ಟೀಚರ್ ನೆಮ್ಮದಿಯಾಗಿ ಕುರ್ಚಿಗೆ ಒರಗಿದಳು.

ಪರದೆಯ ಮೇಲೆ ನೇರದ್ದು ಹೋಗಿ ಕುದುರೆಯನ್ನು ಹೊಡೆಯಿತು.

"ಅಯ್ಯೋ, ಅದಲ್ಲ! ಅದಲ್ಲ ಕಣೇ!" ಎಂದು ಅವಳು ಪರದೆಗೇ ಬೈದಳು. ಎದುರು ಮೇಜಿನವರು ಮುಸಿಮುಸಿ ನಕ್ಕರು. ಕಾಲಾಳು ನೇರದ್ದನ್ನು ತಿಂದಿತು, ಓರೆಯದು ಆ ಕಾಲಾಳನ್ನು ತಿಂದಿತು, ಎದುರಾಳಿಯ ರಾಜ ಮೂಲೆಗೆ ಹೋಗಿ ಕೂತ. ಮುಂದಿನದು ಬರೀ ತಿರುಗಾಟ. ಆಟ ಡ್ರಾ ಆಯಿತು.

ಅತ್ತಿಗೆ ಪ್ರೋಗ್ರಾಮಿನ ಎಣಿಕೆಯ ಪಟ್ಟಿ ತೆರೆದು ಬೆರಳಿಟ್ಟು ತೋರಿಸಿದಳು. "ನೋಡು. ಗೆಲ್ಲೋ ದಾರೀನ ಮೊದಲೇ ಹಿಡಿದಿತ್ತು. ಅದು ಡ್ರಾ, ಮುಂದೆ ನೋಡ್ಬೇಡ ಅಂತ ತಡೆದದ್ದು ನಿನ್ನ ನಲವತ್ತೊಂದನೇದು. ಓದ್ಲಾ?" ನೋಟ್‌ಬುಕ್ ತಿರುವಿ ಗಟ್ಟಿಯಾಗಿ ಓದಿದಳು: "'ಎದುರಾಳಿಗೆ ಒಂಟಿ ರಾಜ. ನಮಗೆ ಅಂಚಿನ ಕಾಲಾಳು, ಜೊತೆಗೆ ಆನೆ. ಆನೆ ನಿಂತ ಮನೆಗೂ ಮೂಲೆಮನೆಗೂ ಬಣ್ಣ ಬೇರೆಯಾದರೆ ಡ್ರಾ.' ಹಾಗೇ ಬರ್ದಿದೀನಿ. ಒಂದಕ್ಷರ ತಪ್ಪಿಲ್ಲ."

"ಸರಿ ಇದೆಯಲ್ಲ! ಆನೆ ಉಳಿದ್ರೆ ಡ್ರಾ. ಆದ್ರೂ ಅದು ರಥ ಕೊಟ್ಟು ಆನೆ ಉಳಿಸ್ಕೊಂಡ್ತು!"

"ಯಾವ ರಥ?"

ಟೀಚರ್ ನೇರ ಓಡುವ ಕಾಯಿಯನ್ನು ತೋರಿಸಿದಳು. ಅತ್ತಿಗೆ ಅವಳನ್ನೇ ದುರುಗುಟ್ಟಿ ನೋಡಿದಳು.

"ನಮ್ಮ ತವರಲ್ಲಿ ಅದೇ ಆನೆ. ಓರೆ ಹೋಗೋದು ಒಂಟೆ."

ಟೀಚರ್ ಬಗ್ಗಿ ಆ ಪುಟ ನೋಡಿದಳು. ಮಿಕ್ಕ ಐವತ್ತೊಂಬತ್ತು ನಿಯಮಕ್ಕೂ ಕಾಯಿಗಳ ಚಿತ್ರವಿತ್ತು. ಇದೊಂದನ್ನು ಬರೆದದ್ದು ಜಗಳವಾಡಿದ ಮಧ್ಯಾಹ್ನ. ಇವಳಿಗೆ ಚಿತ್ರ ಬೇರೆ ಕೇಡು ಎಂದು ಅಪ್ಪನ ಮಾತನ್ನು ಗೀಚಿ ಅಣ್ಣನ ಕೈಗೆ ತುರುಕಿದ್ದಳು.

"ನಿಮ್ಮ ಆನೆ ಎರಡೂ ಬಣ್ಣದ ಮನೆ ಮೆಟ್ಟುತ್ತೆ, ಅದಕ್ಕೂ ಬಣ್ಣಕ್ಕೂ ಏನು ಸಂಬಂಧ ಅಂತ ನಿಮಗೆ ಅನುಮಾನ ಬರ್ಲಿಲ್ವಾ?"

"ಬಂತು."

"ಮತ್ತೆ ಕೇಳ್ಬಾರ್ದಿತ್ತಾ?"

"ನಿನ್ನನ್ನಾ?" ಎಂದಳು ಅತ್ತಿಗೆ. "ಕೇಳಿದ್ರೆ ಏನಂತಿದ್ದೆ, ನಿಜ ಹೇಳು."

ಏನನ್ನುತ್ತಿದ್ದಳೋ ಟೀಚರಿಗೆ ಚೆನ್ನಾಗಿ ಗೊತ್ತಿತ್ತು.

"ಆಡಿದ ಮಾತು ಆಡಿದ್ದೇ," ಎಂದು ಅತ್ತಿಗೆ ಕೀಲಿಮಣೆಯ ಕಡೆ ತಿರುಗಿದಳು. ಅರವತ್ತು ನಿಯಮ ಅಳಿಸಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಬ್ಯಾಗಿಗೆ ಹಾಕಿಕೊಂಡು, ಹಿಂದಿರುಗಿ ನೋಡದೆ ಹೊರಟುಹೋದಳು.

ಟೀಚರ್ ನೋಟ್‌ಬುಕ್ ಎಳೆದುಕೊಂಡಳು. ಪೆನ್ನು ತೆಗೆದು ನಲವತ್ತೊಂದನೇ ನಿಯಮದ ಪಕ್ಕ ಓರೆ ಓಡುವ ಆ ಕಾಯಿಯ ಚಿತ್ರ ಬರೆದಳು: ಉದ್ದ ಟೋಪಿ, ಮೇಲೊಂದು ಸೀಳು. ಅರ್ಧ ನಿಮಿಷ ಹಿಡಿಯಿತು.