ಬೀಗರ ಅಕಾರ್ಡಿಯನ್

ಲಂಚ ಕೊಡುವುದು ತಪ್ಪೆಂದು ಹದಿನೇಳರ ಸಮೀಕ್ಷಾಳಿಗೆ ಗೊತ್ತಿತ್ತು. ಆದರೆ ಅಜ್ಜಿಗೆ ಕೊಟ್ಟರೆ ಅದು ಲಂಚವಲ್ಲ, ಸೇವೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಡಲ್ಲಾಸಿಗೆ ಸಂಗೀತದ ಪ್ರಾಕ್ಟೀಸಿಗೆ ಹೋದವಳು ಬರುವಾಗ ಅಲ್ಲಿಯ ಕ್ಯಾರಲ್ಟನ್ನಿನ ಇಂಡಿಯನ್ ಅಂಗಡಿಯಿಂದ ನಾಲ್ಕು ಪ್ಯಾಕೆಟ್ ಹಿದುಕಿದ ಅವರೆಬೇಳೆ ತಂದು ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನ ಮನೆಯ ಫ್ರೀಜರಿನಲ್ಲಿಟ್ಟಳು.

"ಅಜ್ಜಿ, ಡಾಮಿನಿಕ್ ನುಡಿಸ್ವಾಗ ನೀನು ಕುರ್ಚಿ ಬಿಟ್ಟು ಏಳ್ಬಾರ್ದು. ನಾನು ನುಡಿಸ್ವಾಗ ಎದ್ದು ಎರಡು ಸ್ಟೆಪ್ ಹಾಕ್ಬೇಕು. ಅಷ್ಟೇ."

ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ವಿಜಯಮ್ಮ ಪ್ಯಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ಎರಡು ಹೆಜ್ಜೆಗೆ ನಾಲ್ಕು ಪ್ಯಾಕೆಟ್ಟಾ? ಇದರಲ್ಲಿ ಏನೋ ಇದೆ. ಏನು ಅಂತ ಬಾಯಿ ಬಿಡು."

ಇದ್ದದ್ದು ಒಂದು ಅಕಾರ್ಡಿಯನ್. ಸಮೀಕ್ಷಾಳ ತಾಯಿ ಚಿತ್ರಾ ಮೈಸೂರಿನವಳು, ತಂದೆ ಜೋಸೆಫ್ ಹ್ಯೂಸ್ಟನ್ನಿನ, ಆಫ್ರಿಕನ್-ಫ್ರೆಂಚ್ ಬೇರಿನ ಕ್ರಿಯೋಲ್ ಮನೆತನದವನು. ಜೋಸೆಫನ ಮುತ್ತಾತಂದಿರು ಲೂಯಿಸಿಯಾನಾದಿಂದ ಕೆಲಸ ಹುಡುಕಿಕೊಂಡು ಬರುವಾಗ ಹೊತ್ತು ತಂದದ್ದು ಹಳೆಯ ಫ್ರೆಂಚ್ ಮಾತು ಮತ್ತು ಝೈಡೆಕೊ ಎಂಬ ಕುಣಿತದ ಸಂಗೀತ. ಮಾತು ಕರಗಿಹೋಯಿತು, ಸಂಗೀತ ಉಳಿಯಿತು. ಜೋಸೆಫ್ ಆಸ್ಟಿನ್ನಿನ ದ ಡೊಮೇನ್‌ನ ಆಫೀಸಿನಲ್ಲಿ ಕಂಪ್ಯೂಟರ್ ಕೋಡ್ ಬರೆಯುತ್ತಾ ತಾಳ ಮರೆತ. ಅವನ ಅಪ್ಪ ಎಲ್ರಿಕ್ ಮಾತ್ರ ಎಪ್ಪತ್ತೆಂಟರಲ್ಲೂ ಅಕಾರ್ಡಿಯನ್ ಬಿಟ್ಟಿರಲಿಲ್ಲ. ಈಗ ಭುಜ ಸೋತಿತ್ತು. ಆ ಅಕಾರ್ಡಿಯನ್ ಪೆಟ್ಟಿಗೆ ಮೊಮ್ಮಕ್ಕಳಲ್ಲಿ ಒಬ್ಬರಿಗೆ ಸೇರಬೇಕಿತ್ತು: ಡಲ್ಲಾಸಿನ ಡಾಮಿನಿಕನಿಗೋ, ಅವನ ಚಿಕ್ಕಪ್ಪನ ಮಗಳು ಸಮೀಕ್ಷಾಳಿಗೋ.

ಕೊಡುವುದಕ್ಕೆ ಆ ಮನೆತನದಲ್ಲಿ ಒಂದೇ ಕಟ್ಟಳೆ. ಚೆನ್ನಾಗಿ ನುಡಿಸಿದವರಿಗಲ್ಲ, ಕುರ್ಚಿ ಖಾಲಿ ಮಾಡಿಸಿದವರಿಗೆ. ಚರ್ಚಿನ ಹಾಲಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಾಡು. ಕಾಲು ಗಟ್ಟಿ ಇದ್ದವರು ಒಬ್ಬರು ಕೂತೇ ಉಳಿದರೂ ಸೋತ ಹಾಗೆ. ಮಂಡಿನೋವಿನ ನೆಪ ಹೇಳುವ ವಿಜಯಮ್ಮನಿಗೂ ರಿಯಾಯಿತಿ ಇರಲಿಲ್ಲ, ಏಕೆಂದರೆ ಅವರು ದಿನಾ ಬೆಳಿಗ್ಗೆ ಫ್ಲೂಗರ್‌ವಿಲ್‌ನ ಅರ್ಧ ಬೀದಿ ಅಳೆದು ಬರುವುದು ಬೀಗರಿಗೆ ಗೊತ್ತಿತ್ತು.

ಐದು ವರ್ಷದಿಂದ ಸಮೀಕ್ಷಾ ಆ ಅಕಾರ್ಡಿಯನ್ನಿಗಾಗಿ ಹಂಬಲಿಸಿದ್ದಳು, ಡಾಮಿನಿಕನ ಜೊತೆಗಿನ ಪ್ರಾಕ್ಟೀಸಿನಲ್ಲಿ ನುಡಿಸುವುದನ್ನೂ ಕಲಿತಿದ್ದಳು. ಆದರೆ ತಾತ ಅವಳ ಕೈಗೆ ಕೊಟ್ಟದ್ದು ರಬ್‌ಬೋರ್ಡ್: ಎದೆಗೆ ಕವಚದ ಹಾಗೆ ತೊಡುವ ಸುಕ್ಕುಸುಕ್ಕು ತಗಡು, ಎರಡು ಚಮಚದಿಂದ ಉಜ್ಜುವುದು. "ಹೆಣ್ಣು ಹುಡುಗಿ, ಹಿಂದೆ ನಿಂತು ತಾಳ ಕೊಡ್ಲಿ" ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆಯೇ ಹಿಂದೆ ನಿಲ್ಲಿಸಿದ್ದರು. ಅದು ಅವಳಿಗೆ ಉರಿಯುತ್ತಿತ್ತು.

"ಆಗಲಿ" ಎಂದರು ವಿಜಯಮ್ಮ. "ಆದ್ರೆ ಉಪ್ಪಿಟ್ಟಿಗೆ ಇನ್ನೆರಡು ಪ್ಯಾಕೆಟ್ ಬೇಕಾಗತ್ತೆ."

ಶನಿವಾರ ಮಧ್ಯಾಹ್ನ ಆಸ್ಟಿನ್ ಕಡೆಯಿಂದ ಇವರ ಕಾರು, ಡಲ್ಲಾಸಿನಿಂದ ಡಾಮಿನಿಕನ ವ್ಯಾನು ಹ್ಯೂಸ್ಟನ್ ಸೇರಿದವು. ಹಾಲಿನ ತುಂಬ ಗಂಬೋ ಸಾರಿನ ವಾಸನೆ. ಮೊಸರನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತ ವಿಜಯಮ್ಮ, "ಚರಂಡಿ ಕಟ್ಟಿಕೊಂಡಿದೆಯೇನೆ?" ಎಂದರು. ಏನಂತೆ ಎಂದು ಎಲ್ರಿಕ್ ತಾತ ಕೇಳಿದ. ಘಮಘಮ ಅಂತಿದೆಯಂತೆ ಎಂದು ಸಮೀಕ್ಷಾ ಇಂಗ್ಲಿಷಿನಲ್ಲಿ ಹೇಳಿದಳು. ಬೀಗರಿಬ್ಬರ ನಡುವೆ ಇಷ್ಟು ವರ್ಷ ಒಂದು ಮಾತೂ ಕೆಡದೆ ಉಳಿದಿದ್ದರೆ ಅದು ಈ ದುಭಾಷಿಯ ಪುಣ್ಯ.

ಮೊದಲು ಡಾಮಿನಿಕನ ಸರದಿ. ಅವನ ಹಾಡಿಗೆ ರಬ್‌ಬೋರ್ಡ್ ಯಾರು? ಸಮೀಕ್ಷಾಳೇ. ಒಬ್ಬರಿಗೊಬ್ಬರು ತಾಳ ಕೊಡಬೇಕು, ಅದೂ ಮನೆತನದ ಪದ್ಧತಿ. ಬೇಕಂತಲೇ ತಾಳ ಸಡಿಲಿಸಿಬಿಡಲೇ ಎಂಬ ಯೋಚನೆ ಅವಳಿಗೆ ಬಂದದ್ದು ಸುಳ್ಳಲ್ಲ. ಆದರೆ ಅಕಾರ್ಡಿಯನ್ ಉಸಿರೆಳೆದದ್ದೇ ತಡ, ಚಮಚಗಳು ಅವಳನ್ನು ಕೇಳದೆ ಓಡತೊಡಗಿದವು. ಎರಡು ನಿಮಿಷದಲ್ಲಿ ಹಾಲಿನ ಕುರ್ಚಿಗಳೆಲ್ಲ ಖಾಲಿ, ಒಂದನ್ನು ಬಿಟ್ಟು. ಸಮೀಕ್ಷಾ ಒಳಗೊಳಗೇ ನಕ್ಕು ಇನ್ನೂ ಬಿರುಸಾಗಿ ಉಜ್ಜಿದಳು.

ಆಗ ವಿಜಯಮ್ಮನ ಚಪ್ಪಲಿ ಅಲ್ಲಾಡಿತು. ಆಮೇಲೆ ಮಂಡಿ. ಆಮೇಲೆ ಮೊಸರನ್ನದ ಡಬ್ಬಿ ಪಕ್ಕದ ಕುರ್ಚಿಗೆ ಹೋಯಿತು. ಸಮೀಕ್ಷಾ ಕಣ್ಣು ಕೆಕ್ಕರಿಸಿದಳು, ಹುಬ್ಬು ಹಾರಿಸಿದಳು. ಯಾವುದನ್ನೂ ನೋಡದೆ ಅಜ್ಜಿ ಸೆರಗು ಸಿಕ್ಕಿಸಿ ಎದ್ದು, ದಪ್ಪ ಟೋಪಿಯ ಒಬ್ಬ ಮುದುಕನ ಜೊತೆ ಹಾಡು ಮುಗಿಯುವ ತನಕ ಕುಣಿದರು.

ಸಮೀಕ್ಷಾಳ ಸರದಿ ಬಂದಾಗ ಡಾಮಿನಿಕ್ ತಗಡು ತೊಟ್ಟ. ಅವಳು ಜೀವ ತೇಯ್ದು ನುಡಿಸಿದಳು. ಜನ ಎದ್ದರು. ಕೊಟ್ಟ ಮಾತಿಗೆ ವಿಜಯಮ್ಮನೂ ಏಳಲು ಹೋದರು. ಕುಣಿದು ದಣಿದ ಮಂಡಿ ಹಿಡಿದುಕೊಂಡು, ಅರ್ಧಕ್ಕೆ ಎದ್ದವರು ಹಾಗೇ ಕುಸಿದು ಕೂತರು. ಒಂದು ಕುರ್ಚಿ ತುಂಬಿಯೇ ಉಳಿಯಿತು.

ಎಲ್ರಿಕ್ ತಾತ ನೇರವಾಗಿ ಬೀಗಿತ್ತಿಯ ಹತ್ತಿರ ಬಂದು ಸಮೀಕ್ಷಾಳನ್ನು ಕರೆದ. "ಅವನಿಗೆ ಎದ್ದವರು ಮೊಮ್ಮಗಳಿಗೆ ಯಾಕೆ ಏಳಲಿಲ್ಲ? ಕೇಳು."

ವಿಜಯಮ್ಮ ಮಂಡಿ ನೀವಿಕೊಳ್ಳುತ್ತಾ ಹೇಳಿದರು: "ಅವನಿಗೆ ಏಳಬೇಡ ಅಂತ ಇವಳು ನನಗೆ ಅವರೆಬೇಳೆ ತಂದುಕೊಟ್ಟಿದ್ಲು. ನಾನೂ ಒಪ್ಪಿದ್ದೆ. ಆದ್ರೆ ಇವಳು ಆ ತಗಡನ್ನ ಗರಗರ ಅನ್ನಿಸೋಕೆ ಶುರು ಮಾಡಿದ್ಲು ನೋಡಿ, ಕಾಲು ನನ್ನ ಮಾತು ಕೇಳಲಿಲ್ಲ. ಪೆಟ್ಟಿಗೆ ಹುಡುಗ ಏನು ನುಡಿಸಿದ್ನೋ ನಂಗೆ ಜ್ಞಾಪಕ ಇಲ್ಲ. ಹೀಗೇ ಹೇಳು. ಒಂದಕ್ಷರ ಬಿಡಬೇಡ."

ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದಳು ಸಮೀಕ್ಷಾ. ಅವಮಾನದಿಂದ ಕಿವಿ ಬಿಸಿಯಾಯಿತು. ಆದರೂ ಹುಟ್ಟಿದಾಗಿನಿಂದ ಮೊದಲ ಸಲ ಅಜ್ಜಿಯ ಮಾತನ್ನು ಅವರೆಬೇಳೆ ಸಮೇತ ಇದ್ದದ್ದು ಇದ್ದ ಹಾಗೆ ಹೇಳಿದಳು.

ಡಾಮಿನಿಕ್ ಹೊಟ್ಟೆ ಹಿಡಿದುಕೊಂಡು ನಕ್ಕ. ಎಲ್ರಿಕ್ ತಾತ ನಗಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ಮೆಲ್ಲಗೆ ಕೂತ.

"ನಿನ್ನ ಇನ್ನೊಬ್ಬ ಅಜ್ಜಿ ಓಡೀಲ್, ಸಾಯೋ ತನಕ ನನ್ನ ಹಿಂದೆ ನಿಂತು ತಗಡು ಉಜ್ಜಿದ್ಲು" ಎಂದ. "ಜನ ಏಳೋದು ನಿನ್ನ ಪೆಟ್ಟಿಗೆಗಲ್ಲ ಮುದುಕ, ನನ್ನ ಚಮಚಕ್ಕೆ ಅಂತಿದ್ಲು. ನಲವತ್ತು ವರ್ಷ ತಮಾಷೆ ಮಾಡ್ತಾಳೆ ಅಂದ್ಕೊಂಡಿದ್ದೆ."

ಆಮೇಲೆ ತಾತ ಅಕಾರ್ಡಿಯನ್ನನ್ನು ಡಾಮಿನಿಕನ ಹೆಗಲಿಗೆ ಹಾಕಿದ. "ಕಟ್ಟಳೆ ಕಟ್ಟಳೆಯೇ. ಇದು ನಿನ್ನದು. ಆದ್ರೆ ಇವತ್ತಿನಿಂದ ನೀನು ಅವಳ ಹಿಂದೆ ನಿಂತು ನುಡಿಸ್ಬೇಕು."

ಸಮೀಕ್ಷಾಳಿಗೆ ಅಕಾರ್ಡಿಯನ್ನಿನ ಆಸೆ ಆ ಗಳಿಗೆಯಲ್ಲೂ ಹೋಗಿರಲಿಲ್ಲ. ಆದರೂ ತಗಡು ತೊಟ್ಟು, ಐವತ್ತು ವರ್ಷ ತಾತ ನಿಲ್ಲುತ್ತಿದ್ದ ಜಾಗಕ್ಕೆ ಹೋಗಿ ನಿಂತಳು. ಚಮಚ ತಗಡಿಗಿಳಿದದ್ದೇ ತಡ, ಸದಾ ನುಡಿಸುತ್ತಲೇ ಇದ್ದು ಜೀವಮಾನದಲ್ಲಿ ಒಮ್ಮೆಯೂ ಕುಣಿಯದಿದ್ದ ಎಲ್ರಿಕ್ ತಾತ ಎಲ್ಲರಿಗಿಂತ ಮೊದಲು ಕುರ್ಚಿ ಬಿಟ್ಟು ಎದ್ದ.