ಸಿಳ್ಳೆ ಹಿಡಿಯುವ ಕಿವಿ

ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ, ಈಚೆ ಮೂಡುಬಿದಿರೆಯವರೆಗೆ, ಎಲ್ಲಿ ಕಬಡ್ಡಿ ನಡೆಯಲಿ, ಯಾವ ಶಾಲೆಗೆ ನೂರು ತುಂಬಲಿ, ಸುದ್ದಿ ಮೊದಲು ಬರುವುದು ರಿಕ್ಷಾದ ತಲೆಗೆ ಕಟ್ಟಿದ ಹಾರನ್ನಿನಿಂದ. ಹಾರನ್ನಿನೊಳಗಿನ ಸ್ವರ ಲೋಕನಾಥರದು. ಎಲ್ಲರ ಬಾಯಲ್ಲಿ ಲೋಕಣ್ಣ. ಮೂಡುಬಿದಿರೆಯಲ್ಲಿ ಅವರು ಬಹಳ ಕಾಲ ಹೋಟೆಲು ನಡೆಸಿದ್ದರು. ಆ ಹೋಟೆಲಿನ ಸಾಂಬಾರು ಯಾರಿಗೂ ನೆನಪಿಲ್ಲ. ಅವರ "ಕ್ರೀಡಾಭಿಮಾನಿಗಳೇ" ಮಾತ್ರ ಅಂಗನವಾಡಿ ಮಕ್ಕಳಿಗೂ ಬಾಯಿಪಾಠ.

ಈ ಸ್ವರಕ್ಕೆ ಕಂಟಕ ಬಂದದ್ದು ಸ್ವಂತ ಮಗಳಿಂದ. ಸುರಕ್ಷಾ ಬಿ.ಸಿ.ರೋಡಿನಲ್ಲಿ ಹಲ್ಲಿನ ಕ್ಲಿನಿಕ್ ತೆರೆದು ಅಪ್ಪನಿಗೆ ಇಡೀ ಸೆಟ್ಟು ಕಟ್ಟಿಕೊಟ್ಟಳು. "ನನ್ನ ಮೊದಲನೇ ಫುಲ್ ಸೆಟ್" ಎಂದು ನೆಂಟರ ಎದುರೆಲ್ಲ ಅಪ್ಪನನ್ನು ನಗಿಸಿ ತೋರಿಸಿದಳು. ಹಲ್ಲು ಚೆಂದವೇ. ಚಕ್ಕುಲಿಯನ್ನೂ ಕಡಿಯುತ್ತದೆ. ಆದರೆ ಸ, ಶ ಬಂದ ಕೂಡಲೇ ಮೇಲಿನ ಸೆಟ್ಟಿನ ಹಿಂದಿನಿಂದ ಸಣ್ಣದೊಂದು ಸಿಳ್ಳೆ ಹೊರಡುತ್ತದೆ.

ಇದು ಮಗಳಿಗೆ ತಿಳಿಯಬಾರದು ಎಂದು ಲೋಕಣ್ಣ ನಿಶ್ಚಯಿಸಿದರು. ಮನೆಯಲ್ಲಿ ಮುಚ್ಚಿಡುವುದು ಅಂಥ ಕಷ್ಟವಾಗಲಿಲ್ಲ. ಹೆಂಡತಿಯ ಹೆಸರು ಸರಸ. ಆದರೆ ಮದುವೆಯಾದಂದಿನಿಂದ ಅವರು ಆಕೆಯನ್ನು ಕರೆದದ್ದು "ಓಯ್" ಎಂದೇ. ಮಗಳು "ಮಗಾ". ಸಾರು ಬೇಕಿದ್ದರೆ ಬಟ್ಟಲು ಮುಂದೆ ದೂಡಿದರಾಯಿತು. ನಮ್ಮ ಕಡೆ ಗಂಡಸು ಮಾತು ಕಡಿಮೆ ಮಾಡಿದರೆ ಯಾರೂ ಕಾರಣ ಕೇಳುವುದಿಲ್ಲ. ಪ್ರಾಯ ಆಯಿತು, ಬುದ್ಧಿ ಬಂತು ಎಂದುಕೊಳ್ಳುತ್ತಾರೆ.

ಹೀಗೆ ದಿನ ಹೋಗುತ್ತಿರುವಾಗ ಸಿದ್ಧಕಟ್ಟೆಯ ಯುವಕ ಮಂಡಲದವರು ಬಂದರು. ರಿಕ್ಷಾದಲ್ಲಿ ಹೇಳಬೇಕಾದದ್ದು ಇಷ್ಟು: "ಶನಿವಾರ ಸಂಜೆ ಸಿದ್ಧಕಟ್ಟೆಯ ಶಾಲಾ ಮೈದಾನದಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ. ಸರ್ವರಿಗೂ ಆದರದ ಸುಸ್ವಾಗತ."

ಲೋಕಣ್ಣ ಮನಸ್ಸಿನಲ್ಲೇ ಒಮ್ಮೆ ಓದಿಕೊಂಡರು.

"ಇದನ್ನು ಆದಿತ್ಯವಾರ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲವಾ?"

ಆಗುವುದಿಲ್ಲ ಎಂದರು.

ಈ ರಿಕ್ಷಾ ಬಿ.ಸಿ.ರೋಡಿಗೂ ಹೋಗುತ್ತದೆ, ಕ್ಲಿನಿಕ್ಕಿನ ಕಿಟಕಿಯ ಕೆಳಗಿನಿಂದಲೇ. ಒಲ್ಲೆ ಎಂದರೆ ಯಾಕೆಂದು ಮಗಳು ಕೇಳುತ್ತಾಳೆ. ಒಪ್ಪಿದರೆ ಹಾರನ್ನೇ ಹೇಳುತ್ತದೆ. ಲೋಕಣ್ಣ ಜಿತೇಶನ ಸ್ಟುಡಿಯೋಕ್ಕೆ ಹೋದರು.

ಜಿತೇಶ ದುಬೈಯ ಹೋಟೆಲೊಂದರಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದವನು. ಊರಿಗೆ ಬಂದು, ಮನೆಯವರು ರಬ್ಬರ್ ಶೀಟು ಒಣಗಿಸುತ್ತಿದ್ದ ಕೋಣೆಗೆ ಸ್ಪಂಜು ಹೊಡೆದು ಸ್ಟುಡಿಯೋ ಮಾಡಿದ್ದ. ಅಲ್ಲಿ ಭಕ್ತಿಗೀತೆ ಹಾಡಿದವರೂ ಹೊರಗೆ ಬರುವಾಗ ರಬ್ಬರಿನ ಹೊಗೆ ನಾರುತ್ತಿದ್ದರು.

ಒಂದು ಸಲ ಓದಿ, ಅದನ್ನು ಕೇಳಿಸಿಕೊಂಡ ಮೇಲೆ ಲೋಕಣ್ಣ ಹೇಳಿದರು, "ನಿನ್ನ ಮೆಷಿನಿನಲ್ಲಿ ಎಂತದೋ ತೊಂದರೆ ಉಂಟು ಜಿತೇಶ."

"ಮೆಷಿನಿಗೆ ಯಾರೂ ಹಲ್ಲು ಕಟ್ಟಿಲ್ಲ ಲೋಕಣ್ಣ."

ಲೋಕಣ್ಣ ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಂಡರು. "ಮಗಳಿಗೆ ಗೊತ್ತಾಗಬಾರದು ಮಾರಾಯ. ಅವಳ ಮೊದಲನೇ ಸೆಟ್ಟು."

"ತೆಗೆದಿಟ್ಟು ಓದಿದರೆ?"

"ಆಗ ಕಬಡ್ಡಿಯೂ ಗಾಳಿ, ನಾನೂ ಗಾಳಿ."

ಜಿತೇಶ ಮೊದಲು ಸ್ವರದ ಹರಿತವಾದ ಭಾಗವನ್ನೇ ಈಕ್ವಲೈಸರಿನಲ್ಲಿ ತಗ್ಗಿಸಿದ. ಸಿಳ್ಳೆ ಹೋಯಿತು, ಜೊತೆಗೆ ಲೋಕಣ್ಣನೂ ಹೋದರು. ಉಳಿದದ್ದು ಕಂಬಳಿಯೊಳಗಿಂದ ಮಾತಾಡುವ ಯಾರೋ ಜ್ವರದವನು. ಅದನ್ನು ಅಳಿಸಿ ಕಂಪ್ರೆಸರ್ ಹಾಕಿದ. ಸ್ವರ ಜೋರಾದ ಕ್ಷಣ ಅದರ ತಲೆ ಒತ್ತಿ ಕೂರಿಸುವುದು ಕಂಪ್ರೆಸರಿನ ಕೆಲಸ. ಅದು ನಿಷ್ಠೆಯಿಂದಲೇ ದುಡಿಯಿತು. "ಬೆಳಕಿನ ಕಬಡ್ಡಿ" ಎಂದು ಲೋಕಣ್ಣ ಎದೆಯಿಂದ ಗುಡುಗಿದಲ್ಲೆಲ್ಲ ಪಕ್ಕನೆ ಒತ್ತಿತು. ಸಿಳ್ಳೆ ಗುಡುಗಿಗಿಂತ ಸಣ್ಣದು. ಬದಿಯಿಂದ ನುಸುಳಿ ಹೋಯಿತು.

"ತಪ್ಪು ಮಾಡಿದವನನ್ನು ಬಿಟ್ಟು ದೊಡ್ಡ ಸ್ವರದವನನ್ನು ಹಿಡಿಯುವುದು," ಎಂದರು ಲೋಕಣ್ಣ. "ಒಳ್ಳೆ ಗ್ರಾಮಸಭೆಯ ಹಾಗೆ."

"ಅದಕ್ಕೆ ಮದ್ದುಂಟು. ಯಾವಾಗ ಒತ್ತಬೇಕು ಎಂದು ಕೇಳಿ ತಿಳಿಯಲಿಕ್ಕೆ ಇದಕ್ಕೆ ಬೇರೆಯೇ ಒಂದು ಕಿವಿ ಉಂಟು, ಸೈಡ್‌ಚೈನ್ ಅಂತ. ನಾನು ನಿಮ್ಮ ಸ್ವರಕ್ಕೆ ಈಕ್ವಲೈಸರ್ ಹಾಕುವುದಿಲ್ಲ, ಆ ಕಿವಿಗೆ ಹಾಕ್ತೇನೆ. ಗುಡುಗು ಅದಕ್ಕೆ ಕೇಳಬಾರದು. ಸಿಳ್ಳೆ ಮಾತ್ರ ದೊಡ್ಡದಾಗಿ ಕೇಳಬೇಕು. ಆಗ ಸಿಳ್ಳೆ ಬಂದಲ್ಲಿ ಮಾತ್ರ ಒತ್ತುತ್ತದೆ."

"ನನ್ನ ಗುಡುಗು ಕೇಳದ ಕಿವಿಯೂ ಉಂಟಾ?"

"ನಿಮ್ಮ ಮನೆಯಲ್ಲೇ ಉಂಟಲ್ಲ. ನೀವು ಇಡೀ ಪೇಪರ್ ಗಟ್ಟಿಯಾಗಿ ಓದಿದರೂ ಸರಸಕ್ಕನಿಗೆ ಕೇಳುವುದಿಲ್ಲ. ಬೆಲ್ಲದ ಡಬ್ಬಿಯ ಮುಚ್ಚಳ ತೆಗೆಯಿರಿ, ದನದ ಹಟ್ಟಿಯಿಂದ ಓಡಿ ಬರ್ತಾರೆ."

ಬೆಲ್ಲದ ಮಾತು ಬಂದದ್ದೇ ಶುಗರ್ ಕಾಯಿಲೆಯ ಲೋಕಣ್ಣ ಮೆಷಿನಿನ ಕಡೆ ತಿರುಗಿದರು. ಜಿತೇಶ ಅವರ ತಲೆಗೆ ಹೆಡ್‌ಫೋನ್ ಇಟ್ಟು, ಕಂಪ್ರೆಸರಿಗೆ ಏನು ಕೇಳುತ್ತದೋ ಅದನ್ನೇ ಕೇಳಿಸಿದ. ಮೂರು ತಾಲೂಕು ಆಳಿದ ಸ್ವರದಲ್ಲಿ ಒಂದು ಮಾತೂ ಉಳಿದಿರಲಿಲ್ಲ. ಕುಕ್ಕರು ಕೂಗುವ ಮುಂಚಿನ ಸುಯ್, ಸುಯ್ ಮಾತ್ರ.

"ಇಷ್ಟು ಉಂಟಾ?"

"ಅದು ಬೇಕೆಂದೇ ದೊಡ್ಡದು ಮಾಡಿದ್ದು ಮಾರ್ರೆ."

"ಆದರೂ," ಎಂದು ಲೋಕಣ್ಣ ಹೆಡ್‌ಫೋನ್ ತೆಗೆದಿಟ್ಟರು.

ಜಿತೇಶ ಮೊದಲು ಒತ್ತಿದ್ದು ಹೆಚ್ಚಾಗಿ "ಥನಿವಾರ ಥಂಜೆ" ಬಂತು. "ಇದು ಹಾಲುಹಲ್ಲಿನ ಕಾಲದ್ದು, ಅಷ್ಟು ಹಿಂದೆ ಹೋಗುವುದು ಬೇಡ," ಎಂದರು ಲೋಕಣ್ಣ. ಸಡಿಲಿಸುತ್ತ ಬಂದಾಗ ಒಂದು ಕಡೆ ಶನಿವಾರ ಶನಿವಾರವಾಯಿತು. ಗುಡುಗು ಗುಡುಗಾಗಿಯೇ ಉಳಿಯಿತು.

ರಿಕ್ಷಾ ಹೊರಟಿತು. ಬಿ.ಸಿ.ರೋಡಿನಲ್ಲಿ ಕಿಟಕಿಯ ಕೆಳಗೆ ಸುಸ್ವಾಗತ ಕೇಳಿದ ಸುರಕ್ಷಾ, ರೋಗಿಯ ಬಾಯಿಯಿಂದ ಕೈ ತೆಗೆದು ಕೇಳುತ್ತ ನಿಂತಳಂತೆ. ಸಂಜೆ ಮನೆಗೆ ಬಂದವಳೇ ಫೋನ್ ಹಿಡಿದು ಅಪ್ಪನ ಎದುರು ಕೂತಳು.

"ಅಪ್ಪ, ಎಷ್ಟು ಕ್ಲಿಯರ್! ನನ್ನ ಸೆಟ್ಟಿನಲ್ಲಿ! ಕ್ಲಿನಿಕ್ಕಿನ ಪೇಜಿಗೆ ಒಂದು ವಿಡಿಯೋ ಹಾಕುವ. ಅದನ್ನೇ ಹೇಳಿ."

ಮಗಳನ್ನು ಖುಷಿಪಡಿಸಿದ ಕೆಲಸವೇ ಈಗ ಕುತ್ತಿಗೆಗೆ ಬಂದಿತ್ತು. ಲೋಕಣ್ಣ ಗಂಟಲು ಸರಿಮಾಡಿಕೊಂಡರು. ಅಂಗಿಯ ಕಾಲರು ಎಳೆದರು.

"ಕ್ರೀಡಾಭಿಮಾನಿಗಳೇ! ಹೊನಲು ಬೆಳಕಿನ ಕಬಡ್ಡಿ ಉಂಟು. ಎಲ್ಲರೂ ಬನ್ನಿ."

"ಎಲ್ಲಿಗೆ ಅಪ್ಪ? ಯಾವತ್ತು? ರಿಕ್ಷಾದಲ್ಲಿ ಹೇಳಿದ ಹಾಗೆಯೇ ಹೇಳಿ."

ಬೇರೆ ದಾರಿ ಇರಲಿಲ್ಲ. "ಶನಿವಾರ ಸಂಜೆ ಸಿದ್ಧಕಟ್ಟೆಯ ಶಾಲಾ..." ಎನ್ನುವಷ್ಟರಲ್ಲಿ ಸರಸಕ್ಕ ಚಾವಡಿಯಿಂದ ಎದ್ದು, "ಗ್ಯಾಸ್ ಲೀಕ್ ಆಗ್ತದಾ ಎಂತ?" ಎನ್ನುತ್ತ ಅಡುಗೆಮನೆಗೆ ಓಡಿದರು.

ಸುರಕ್ಷಾ ಫೋನ್ ಕೆಳಗಿಳಿಸಿದಳು.

"ಯಾವಾಗಿನಿಂದ?"

"ಮೊದಲಿನಿಂದಲೇ."

"ನಾನು ಪ್ರತಿ ಸಲ ಕೇಳಿದ್ದೆ ಅಲ್ವಾ?"

"ನೀನು ಕೇಳಿದ್ದು ನೋವುಂಟಾ ಅಂತ. ನೋವಿಲ್ಲ ಮಗಾ."

ಅವಳಿಗೆ ಸಿಟ್ಟು ಬಂತು. ಫೋನ್ ಬದಿಗಿಟ್ಟು, "ಹಾಗಾದರೆ ರಿಕ್ಷಾದಲ್ಲಿ ಹೇಗೆ ಸರಿ ಇತ್ತು?" ಎಂದಳು.

"ಜಿತೇಶನ ಮೆಷಿನಿಗೆ ಒಂದು ಕಿವಿ ಉಂಟು."

"ನನಗೆ ಎರಡುಂಟಲ್ಲ ಅಪ್ಪ. ಬಾಯಿ ಬಿಟ್ಟು ಹೇಳಿದ್ದರೆ ಸಾಕಿತ್ತು. ಹೊಸ ಸೆಟ್ಟು ಅಂದ ಮೇಲೆ ಅರೆದು ಸರಿ ಮಾಡಲಿಕ್ಕೆ ಇದ್ದೇ ಇರ್ತದೆ. ಚಪ್ಪಲಿ ಕಚ್ಚುವುದಿಲ್ಲವಾ, ಹಾಗೆ."

"ನಿನ್ನ ಮೊದಲನೇದು ಅಂತ..."

"ಮೊದಲನೇದು ಅಂತಲೇ ನಿಮಗೆ ಕಟ್ಟಿದ್ದು. ಬೇರೆಯವರಾದರೆ ಬೈತಾರೆ."

ಮರುದಿನ ಬೆಳಿಗ್ಗೆ ಲೋಕಣ್ಣ ಕ್ಲಿನಿಕ್ಕಿನ ಕುರ್ಚಿಯಲ್ಲಿ ಮಲಗಿದ್ದರು. ಸುರಕ್ಷಾ ಮೇಲಿನ ಸೆಟ್ಟಿನ ಹಿಂಬದಿಯನ್ನು ಒಂದಿಷ್ಟು ಅರೆಯುವುದು, ಹಾಕಿಸುವುದು, "ಹೇಳಿ" ಎನ್ನುವುದು. ಅವರು ಹೇಳುವುದು, ಅವಳು ತಲೆ ಅಲ್ಲಾಡಿಸುವುದು, ಮತ್ತೆ ಅರೆಯುವುದು. ಶಾಲಾ ಮೈದಾನ ಬೇಗ ಸರಿಯಾಯಿತು. ಶನಿವಾರ ಹಠ ಮಾಡಿತು. ಕೊನೆಗೊಮ್ಮೆ "ಸರ್ವರಿಗೂ ಆದರದ ಸುಸ್ವಾಗತ" ಮೈಕಿಲ್ಲದೆ, ಮೆಷಿನಿಲ್ಲದೆ, ಸಿಳ್ಳೆಯಿಲ್ಲದೆ ಆ ಸಣ್ಣ ಕೋಣೆಯಲ್ಲಿ ಗುಡುಗಿತು; ಗ್ಲಾಸು ನಡುಗಿತು.

ಬಾಗಿಲು ತಟ್ಟಿದ ಸದ್ದು. ಕನ್ಯಾನದಿಂದ ಬಂದು ಹೊರಗೆ ಕೆನ್ನೆ ಹಿಡಿದು ಕೂತಿದ್ದ ರೋಗಿ ಜುಲೈಕಾ ತಲೆ ಒಳಗೆ ಹಾಕಿದರು.

"ಡಾಕ್ಟ್ರೇ, ಕೆಳಗೆ ಆ ರಿಕ್ಷಾದವನಿಗೆ ಸ್ವಲ್ಪ ಮುಂದೆ ಹೋಗಲಿಕ್ಕೆ ಹೇಳ್ತೀರಾ? ಹಲ್ಲುನೋವಿನಲ್ಲಿ ಆ ಸ್ವರ ಬೇರೆ, ತಲೆ ಸಿಡೀತದೆ."

ಲೋಕಣ್ಣ ಮಲಗಿದ್ದಲ್ಲೇ ಒಂದು ಇಂಚು ಬೆಳೆದರು.