ಅರವತ್ತು ಪೌಂಡಿನ ಬಿಲ್ಲು

ನಳಿನಾಕ್ಷಿಗೆ ಆ ಶನಿವಾರ ಬೇಕಾಗಿದ್ದದ್ದು ಒಂದು ಲೋಟ ಬಿಸಿ ಚಹಾ, ಕಾಲು ಚಾಚಿಕೊಳ್ಳಲು ಒಂದು ಸೋಫಾ, ಅಷ್ಟೇ. ಈ ಪರದೇಶದ ನ್ಯೂಮಾರ್ಕೆಟ್ಟಿನ ಆಸ್ಪತ್ರೆಯಲ್ಲಿ ಬೆಳಗಿನ ಶಿಫ್ಟು; ರೋಗಿಗಳನ್ನು ಎತ್ತಿ, ಮಗ್ಗುಲು ಬದಲಿಸಿ, ಕೂರಿಸಿ ಅವಳ ಸೊಂಟ ಬಿದ್ದುಹೋಗಿತ್ತು. ಹೊರಗೆ ಬಂದು ನೋಡಿದರೆ ಗಂಡ ಕಿಟ್ಟಣ್ಣ ಕಾರು ಸ್ಟಾರ್ಟ್ ಮಾಡಿಕೊಂಡೇ ಕೂತಿದ್ದ.

"ಹತ್ತು ಬೇಗ. ಬ್ರಾಡ್‌ಹೆಡ್ ತೆಗೊಳ್ಳಿಕ್ಕುಂಟು. ಬೇಟೆಯ ಸೀಸನ್ ಶುರುವಾಗ್ಲಿಕ್ಕೆ ಬಂತು."

"ಬಾಣದ ತುದಿ ಆರಿಸ್ಲಿಕ್ಕೆ ನಾನು ಯಾಕೆ? ನನ್ನನ್ನು ಮನೆಗೆ ಬಿಟ್ಟು ಹೋಗಿ."

"ನೀನಿದ್ರೆ ಒಂದು ಧೈರ್ಯ ಮಾರಾಯ್ತಿ."

ಧೈರ್ಯವಂತೆ! ತನ್ನ ಬೇಟೆಯ ಬಿಲ್ಲಿಗೆ ಅವಳು ಮಾಡಿಟ್ಟ ಕೆಲಸ ಗೊತ್ತಾದರೆ ಈ ಮನುಷ್ಯ ಇನ್ನೊಮ್ಮೆ ಅವಳ ಮುಖ ನೋಡಿಯಾನೇ? ಸೀಟ್ ಬೆಲ್ಟ್ ಹಾಕಿಕೊಂಡು ಸುಮ್ಮನೆ ಕೂತಳು.

ನಡೆದದ್ದು ಇಷ್ಟು. ಕಿಟ್ಟಣ್ಣ ಬೆಳ್ತಂಗಡಿ ಕಡೆಯವನು. ಓಕ್‌ವಿಲ್ಲಿನ ಫ್ಯಾಕ್ಟರಿಯಲ್ಲಿ ಕಾರಿನ ಬಾಗಿಲು ಜೋಡಿಸಿ ಜೋಡಿಸಿ ಅವನ ಬಲಭುಜ ಸವೆದುಹೋಗಿದೆ. ತಲೆ ಬಾಚಲು ಕೈ ಏಳುವುದಿಲ್ಲ, ಮಾತು ಮಾತ್ರ ಅರವತ್ತು ಪೌಂಡಿನದು. ಅರವತ್ತು ಪೌಂಡೆಂದರೆ ಅವನ ಬಿಲ್ಲಿನ ಹೆದೆ ಎಳೆಯಲು ಬೇಕಾದ ಬಲ. ಬೇಟೆಗೆ ಹೋಗುವ ಗಂಡಸರ ನಡುವೆ ಅದು ಮೀಸೆಯ ಲೆಕ್ಕ. ಆಗಸ್ಟಿನಲ್ಲೊಂದು ದಿನ ಗ್ಯಾರೇಜಿನಲ್ಲಿ ಅವನು ಆ ಬಿಲ್ಲನ್ನು ಎಳೆಯಲು ಹೋಗಿ ಸೋತದ್ದನ್ನು ನಳಿನಾಕ್ಷಿ ಅಡುಗೆಮನೆಯ ಬಾಗಿಲಿನಿಂದ ನೋಡಿದಳು. ಬಿಲ್ಲು ನಡುಗಿತು, ಕೈ ನಡುಗಿತು. ಆಮೇಲೆ ಅವನು ಕವುಚಿಟ್ಟ ಬಕೆಟ್ಟಿನ ಮೇಲೆ ಗೋಡೆಗೆ ಮುಖ ಮಾಡಿ ಕೂತುಬಿಟ್ಟ. ಅಯ್ಯೋ, ಆ ಬೆನ್ನು ನೋಡಲಾರದೆ ಅವಳು ಸದ್ದಿಲ್ಲದೆ ಒಳಗೆ ಸರಿದಳು.

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಅವಳು ಫೋನಿನಲ್ಲಿ ವಿಡಿಯೋ ನೋಡಿ, ಬಿಲ್ಲಿನ ಮೇಲೊಂದು ಕೆಳಗೊಂದು ಇರುವ, ಎಳೆತದ ಬಿಗಿ ಹೆಚ್ಚುಕಡಿಮೆ ಮಾಡುವ ಸ್ಕ್ರೂಗಳನ್ನು ಸಮಸಮವಾಗಿ ಸಡಿಲಿಸಿದಳು. ಊರಿಗೆ ಹೋಗುವಾಗ ಸೂಟ್‌ಕೇಸು ತೂಗುವ ಕೊಕ್ಕೆ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ ಎಳೆದು ನೋಡಿದಳು: ನಲವತ್ತೆಂಟು ಪೌಂಡು. ಸಂಜೆ ಕಿಟ್ಟಣ್ಣ ಬಂದು ಒಂದೇ ಸಲಕ್ಕೆ ಎಳೆದ!

"ಫಿಸಿಯೋ ವರ್ಕ್ ಆಯ್ತು ನಳಿನಿ! ನೋಡಿದ್ಯಾ?"

ಬಾಣಗಳು ಗುರಿಗಿಂತ ಕೆಳಗೆ ಬೀಳತೊಡಗಿದಾಗ, ಹೊಸ ಬಾಣ ಸ್ವಲ್ಪ ಭಾರ ಎಂದು ತಾನೇ ಸಮಾಧಾನ ಹೇಳಿಕೊಂಡು ಬಿಲ್ಲಿನ ಗುರಿಕಡ್ಡಿ ಸರಿಸಿಕೊಂಡ. ಆ ರಾತ್ರಿ ನೀರುದೋಸೆಯನ್ನು ಎಣಿಸದೆ ತಿಂದ. ಒಂದು ಸುಳ್ಳು ಇಷ್ಟು ಸುಖ ಕೊಡುವುದಾದರೆ ಇರಲಿ ಬಿಡು ಎಂದುಕೊಂಡಳು ಅವಳು.

ಇರಲಿ ಬಿಡು ಎನ್ನುವಷ್ಟು ಸುಲಭವಿದ್ದರೆ ಕತೆಯೇ ಇರುತ್ತಿರಲಿಲ್ಲ. ಕಳೆದ ನವೆಂಬರಿನ ಹೆಣ್ಣು ಜಿಂಕೆ ಇನ್ನೂ ಅವಳ ಕಣ್ಣಿಂದ ಮರೆಯಾಗಿರಲಿಲ್ಲ. ಕಿಟ್ಟಣ್ಣ ಪ್ರತಿವರ್ಷ ಉತ್ತರದ ಕಡೆಯ ಒಬ್ಬ ರೈತನ ಜೋಳದ ಹೊಲದಂಚಿನಲ್ಲಿ ಬೇಟೆಯಾಡುತ್ತಾನೆ. ಆ ಸಲ ಭುಜ ನಡುಗಿ ಬಾಣ ಮುಂಗಾಲಿನ ಮೇಲಿನ ಮೂಳೆಗೆ ತಾಗಿತು. ತುದಿಯಲ್ಲಿದ್ದದ್ದು ಮಡಚುವ ಅಲಗು. ಹಾರುವಾಗ ಮುಚ್ಚಿಕೊಂಡಿದ್ದು, ಮೈಗೆ ತಾಗಿದೊಡನೆ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳಲಿಕ್ಕೇ ಬಾಣದ ಬಲ ಅಷ್ಟು ಖರ್ಚಾಗುತ್ತದೆ. ಹಿಂದಿನಿಂದ ನೂಕುವ ಕಸುವಿಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಜಿಂಕೆ ಬಾಣ ಹೊತ್ತುಕೊಂಡೇ ಓಡಿತು. ಗಂಡಹೆಂಡಿರಿಬ್ಬರೂ ರಕ್ತದ ಹನಿ ಹುಡುಕುತ್ತ ನಡೆದು, ಮರುದಿನ ಬೆಳಿಗ್ಗೆ ಒಂದು ಚರಂಡಿಯ ಬದಿಯಲ್ಲಿ ಕಂಡಾಗ ಅದಕ್ಕಿನ್ನೂ ಜೀವವಿತ್ತು. ಕತ್ತೆತ್ತಿ ಇವರನ್ನು ನೋಡಿತು. ಆಸ್ಪತ್ರೆಯಲ್ಲಿ ಎಷ್ಟೋ ಸಾವು ಕಂಡ ನಳಿನಾಕ್ಷಿಗೆ ಆ ನೋಟ ತಡೆಯಲಾಗಲಿಲ್ಲ. ಕಿಟ್ಟಣ್ಣನೂ ಅತ್ತ. ಇನ್ನೊಮ್ಮೆ ಹೀಗಾಗಲು ಬಿಡುವುದಿಲ್ಲ ಎಂದು ಅಲ್ಲೇ ಆಣೆ ಹಾಕಿದ.

ಕಿಟ್ಟಣ್ಣ ಕಾರು ನಿಲ್ಲಿಸಿದ ಬೇಟೆ ಸಾಮಾನಿನ ಅಂಗಡಿಯಲ್ಲಿ ಒಂದು ಗೋಡೆ ತುಂಬ ಬರೀ ಅಲಗುಗಳು. ನೋಡಿದರೆ ತಲೆ ಸುತ್ತಬೇಕು. ಗಡ್ಡದ ಸೇಲ್ಸ್‌ಮನ್ ಒಳ್ಳೆಯವನು, ಸಾವಧಾನದವನು.

"ವಾಟ್ಸ್ ಯುವರ್ ಡ್ರಾ ವೇಟ್, ಸರ್?"

"ಸಿಕ್ಸ್ಟಿ," ಎಂದ ಕಿಟ್ಟಣ್ಣ ಎದೆಯುಬ್ಬಿಸಿ.

ಸೇಲ್ಸ್‌ಮನ್ ಎರಡು ಪ್ಯಾಕೆಟ್ ತೆಗೆದು ಕೌಂಟರಿನ ಮೇಲಿಟ್ಟ. ಒಂದು ಮಡಚುವುದು, ಬಿಚ್ಚಿದರೆ ಅಂಗೈಯಗಲದ ಗಾಯ ಮಾಡುವಂಥದ್ದು. ಇನ್ನೊಂದು ಸಣ್ಣದು, ಎರಡೇ ಅಂಚಿನ ಗಟ್ಟಿ ಅಲಗು. ಬಿಚ್ಚುವುದಿಲ್ಲ, ಮುಚ್ಚುವುದಿಲ್ಲ, ಚೂರಿಯ ಹಾಗೆ ನೇರ ಒಳಗೆ ಹೋಗುತ್ತದೆ. ಅರವತ್ತಿದ್ದರೆ ದೊಡ್ಡದನ್ನೇ ಕೊಳ್ಳಿ, ಐವತ್ತಕ್ಕಿಂತ ಕೆಳಗಾದರೆ ಮಾತ್ರ ಅದರ ಸುದ್ದಿಗೆ ಹೋಗಬೇಡಿ, ಸಣ್ಣದೇ ಸರಿ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿ, ಇನ್ನೊಬ್ಬ ಗಿರಾಕಿಯತ್ತ ತಿರುಗಿದ.

ಕಿಟ್ಟಣ್ಣನ ಕೈ ದೊಡ್ಡದರ ಮೇಲೆ ಹೋಯಿತು. ನಳಿನಾಕ್ಷಿಗೆ ಬಿಸಿತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಆ ಸಣ್ಣದೇ ತೆಗೊಳ್ಳಿ. ಗಟ್ಟಿಮುಟ್ಟು ಉಂಟು."

"ಅದು ಮುದುಕರಿಗೆ ಮಾರಾಯ್ತಿ."

"ಮಡಚುವುದು ಕಳೆದ ವರ್ಷ ಕೈಕೊಟ್ಟದ್ದು ಮರ್ತೋಯ್ತಾ?"

ಅವನು ತಟ್ಟನೆ ಗಂಭೀರನಾದ. "ಮರೆತಿದ್ರೆ ಇಷ್ಟು ದೊಡ್ಡದು ಯಾಕೆ ತೆಗೊಳ್ತೇನೆ? ಆಗ ನನ್ನ ಭುಜ ಸರಿ ಇರ್ಲಿಲ್ಲ. ಈಗ ಉಂಟಲ್ಲ. ಈ ಸಲ ಗಾಯ ದೊಡ್ಡದಾಗ್ಬೇಕು ನಳಿನಿ, ನಿಂತಲ್ಲೇ ಬೀಳ್ಬೇಕು. ಅದರ ಹಾಗೆ ಇನ್ನೊಂದು ನರಳ್ಬಾರ್ದು."

ದೇವರೇ! ಜಿಂಕೆ ನರಳಬಾರದೆಂದೇ ಈ ಪುಣ್ಯಾತ್ಮ ಅದನ್ನು ನರಳಿಸುವ ಅಲಗನ್ನು ಆರಿಸುತ್ತಿದ್ದಾನೆ. ಅವನದ್ದು ತಪ್ಪಲ್ಲ. ಅವನಿಗೆ ಸುಳ್ಳು ಲೆಕ್ಕ ಕೊಟ್ಟವಳು ಇವಳು. ನಳಿನಾಕ್ಷಿ ಅವನ ಬಳಿಗೆ ಸರಿದಳು. ಸೇಲ್ಸ್‌ಮನ್‌ಗೆ ಅರ್ಥವಾಗದಿರಲಿ ಎಂದು ಕನ್ನಡದಲ್ಲೇ, ಅಂಕಿಯನ್ನೂ ಕನ್ನಡದಲ್ಲೇ ಹೇಳಿದಳು. ಅವನ ಮರ್ಯಾದೆಗೆ ಅವಳು ಅಲ್ಲಿ ಮಾಡಬಹುದಾಗಿದ್ದ ಉಪಕಾರ ಅದೊಂದೇ.

"ಅದು ಅರವತ್ತಲ್ಲ. ನಲವತ್ತೆಂಟು. ಆಗಸ್ಟಿನಲ್ಲಿ ನಾನೇ ಸ್ಕ್ರೂ ಸಡಿಲ ಮಾಡಿದ್ದು. ಸೂಟ್‌ಕೇಸಿನ ತಕ್ಕಡಿಯಲ್ಲಿ ತೂಗಿ ನೋಡಿದ್ದೇನೆ."

ಕಿಟ್ಟಣ್ಣನ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ. ಕೈಯಲ್ಲಿದ್ದ ಪ್ಯಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ಸೇಲ್ಸ್‌ಮನ್ ಮರಳಿ ಬಂದಾಗ ಅದನ್ನು ಕೌಂಟರಿನ ಮೇಲಿಟ್ಟು ಸಣ್ಣದನ್ನು ತೋರಿಸಿದ.

"ದಿಸ್ ಒನ್."

"ಫಾರ್ ಸಿಕ್ಸ್ಟಿ?"

"ಯೆಸ್, ಯೆಸ್. ಐ ಲೈಕ್ ಸ್ಮಾಲ್."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಬೇರೆ ದಿನವಾಗಿದ್ದರೆ ನಳಿನಾಕ್ಷಿ ನಕ್ಕುಬಿಡುತ್ತಿದ್ದಳು.

ಅವನು ಬೈಯಲಿ, ಒಂದೆರಡು ಮಾತು ಅಂದುಬಿಡಲಿ ಎಂದು ಅವಳು ಮನೆ ಮುಟ್ಟುವವರೆಗೂ ಕಾದಳು. ಚಿಕ್ಕಮಗಳೂರಿನಲ್ಲಿ ಬೆಳೆದ ಅವಳಿಗಾಗಿ ಮನೆಯಲ್ಲಿ ಕನ್ನಡವಾಡುವ ಗಂಡ ಬೈಯಲು ಮಾತ್ರ ತುಳು ಇಟ್ಟುಕೊಂಡಿದ್ದ. ಇವತ್ತು ಅದೂ ಬರಲಿಲ್ಲ. ಗ್ಯಾರೇಜಿನ ಬಾಗಿಲು ಎತ್ತಿ, ಗೋಡೆಯಿಂದ ಬಿಲ್ಲು ತೆಗೆದು, ಅವಳ ಎದುರು ನಿಂತ.

"ನೋಡು," ಎಂದು ಹೆದೆ ಎಳೆದ.

ಪೂರ್ತಿ ಬಂತು. ಆದರೆ ಹತ್ತಿರದಿಂದ ನೋಡುತ್ತಿದ್ದ ಅವಳಿಗೆ ಅವನ ಕೆನ್ನೆಯ ನರ ಎದ್ದದ್ದು, ಹಣೆಯಲ್ಲಿ ಬೆವರೊಡೆದದ್ದು, ಕೈ ನಿಲ್ಲದೆ ಅದುರಿದ್ದು ಎಲ್ಲ ಕಂಡಿತು. ಮೆಲ್ಲಗೆ ಹೆದೆಯನ್ನು ಹಿಂದಕ್ಕೆ ಬಿಟ್ಟು, ಅದೇ ಬಕೆಟ್ಟಿನ ಮೇಲೆ ಕೂತ.

"ನಲವತ್ತೆಂಟೂ ನೋಯ್ತದೆ ನಳಿನಿ."

"ಯಾವಾಗಿಂದ?"

"ಆ ಮೊದಲ ದಿನದಿಂದ್ಲೇ."

"ಮತ್ತೆ ನನಗೆ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?" ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂತು.

"ನಾನು ಎಳೆದಾಗ ನಿನಗೆ ಎಷ್ಟು ಖುಷಿ ಆಗಿತ್ತು! ಬಾಗಿಲ ಹತ್ರ ನಿಂತು ಚಪ್ಪಾಳೆ ಹೊಡೆದಿದ್ದಿ. ಅದರ ಮೇಲೆ ನೋವು ಅಂತ ಹೇಗೆ ಹೇಳುವುದು?"

ನಳಿನಾಕ್ಷಿ ಅವನ ಪಕ್ಕದಲ್ಲಿ ಸಿಮೆಂಟಿನ ನೆಲದ ಮೇಲೆಯೇ ಕೂತಳು. ಎದ್ದು ಒಳಗೆ ಹೋಗುವಷ್ಟು ತ್ರಾಣ ಇಬ್ಬರಿಗೂ ಇರಲಿಲ್ಲ.

"ಇನ್ನಷ್ಟು ಸಡಿಲ ಮಾಡ್ಲಾ?" ಎಂದಳು ಕೊನೆಗೆ.

"ನಲವತ್ತಕ್ಕಿಂತ ಕೆಳಗೆ ಇಳಿದ್ರೆ ಇಲ್ಲಿ ಜಿಂಕೆಗೆ ಹೊಡೀಲಿಕ್ಕೆ ಕಾನೂನು ಬಿಡುದಿಲ್ಲ. ನೋವಿಲ್ಲದ ಹಾಗೆ ಎಳೀಬೇಕಾದ್ರೆ ಅದಕ್ಕಿಂತ ಕೆಳಗೇ ಹೋಗ್ಬೇಕು." ಅವನು ಸಣ್ಣ ಅಲಗಿನ ಪ್ಯಾಕೆಟ್ಟನ್ನು ಜೇಬಿನಿಂದ ತೆಗೆದ. "ಅಲಗು ಒಳ್ಳೆದೇ ಮಾರಾಯ್ತಿ. ಕೈ ನಡುಗಿದ್ರೆ ಒಳ್ಳೆ ಅಲಗೂ ಮೂಳೆಗೇ ತಾಗುದು."

ಅಷ್ಟರಲ್ಲಿ ಸುಧೀರನ ಫೋನು ಬಂತು. ಯೂನಿಯನ್‌ವಿಲ್ಲಿನಲ್ಲಿರುವ ಅವನು ಇವರ ತುಳು ಬಳಗದ ಹುಡುಗ. ಕೆಡ್ಡಸದ ಊಟದ ಜವಾಬ್ದಾರಿ ಅವನದು. ಕೆಡ್ಡಸವೆಂದರೆ ತುಳುವರಿಗೆ ಭೂಮಿತಾಯಿ ಮುಟ್ಟಾಗುವ ದಿನಗಳು. ಆಗ ನೆಲ ಅಗೆಯಬಾರದು, ಗಂಡಸರು ಬೇಟೆಗೆ ಹೋಗಬೇಕು ಎಂಬುದು ಹಳೆಯ ಕಟ್ಟಳೆ. ಇಲ್ಲಿ ಫೆಬ್ರವರಿಯಲ್ಲಿ ಬೇಟೆಯ ಸೀಸನ್ ಮುಗಿದಿರುತ್ತದೆ. ಹಾಗಾಗಿ ಕಿಟ್ಟಣ್ಣ ಮೊದಲೇ ಹೊಡೆದ ಜಿಂಕೆ ಬೇಸ್‌ಮೆಂಟಿನ ಫ್ರೀಜರಿನಲ್ಲಿ ಕಾದಿದ್ದು, ಆ ದಿನ ಒಣ ಮಸಾಲೆಯ ಸುಕ್ಕವಾಗಿ ಎಲ್ಲರ ಎಲೆಗೆ ಬೀಳುತ್ತದೆ. ವರ್ಷವಿಡೀ ಅವನನ್ನು ಬಳಗದಲ್ಲಿ ಹೊಗಳುವುದು ಅದಕ್ಕೇ.

ಫೋನು ಕಿವಿಗೆ ಹಿಡಿಯಲು ಅವನ ಬಲಗೈ ಏಳಲಿಲ್ಲ. ಎಡಗೈಯಲ್ಲಿ ಬಿಲ್ಲಿತ್ತು. ನಳಿನಾಕ್ಷಿ ಸ್ಪೀಕರ್ ಹಾಕಿ ಅವನ ಬಾಯಿಯ ಹತ್ತಿರ ಹಿಡಿದಳು.

"ಕಿಟ್ಟಣ್ಣ, ಹಾಲ್ ಬುಕ್ ಮಾಡ್ತಾ ಇದ್ದೇನೆ. ಕೆಡ್ಡಸಕ್ಕೆ ಜಿಂಕೆ ನಿಮ್ದೇ ಅಲ್ವಾ? ಅರವತ್ತು ಪೌಂಡ್ ಎಳೆಯುವವರಿಗೆ ಎಂತ ಚಿಂತೆ!"

ಕಿಟ್ಟಣ್ಣ ಹೆಂಡತಿಯ ಮುಖ ನೋಡಿದ. ಬೇಕಾದರೆ ಏನಾದರೂ ನೆಪ ಹೇಳಿ ಎಂದು ಅವಳು ಕಣ್ಣಲ್ಲೇ ಸೂಚಿಸಿದಳು. ಅವನು ಬೇಡವೆಂದು ತಲೆಯಲ್ಲಾಡಿಸಿದ.

"ಅರವತ್ತಲ್ಲ ಮಾರಾಯ, ನಲವತ್ತೆಂಟು," ಎಂದ. "ಅದೂ ಇನ್ನು ನನ್ನ ಹತ್ರ ಆಗುದಿಲ್ಲ. ಈ ಸಲ ಕೋಳಿ ತಾ."

ನಳಿನಾಕ್ಷಿ ಫೋನನ್ನು ಗಂಡನ ತೊಡೆಯ ಮೇಲಿಟ್ಟು, ಅವನ ಕೈಯಿಂದ ಬಿಲ್ಲನ್ನು ತೆಗೆದುಕೊಂಡು ಗೋಡೆಗೆ ತೂಗುಹಾಕಿ, ಇಬ್ಬರಿಗೂ ಚಹಾ ಇಡಲು ಒಳಗೆ ಹೋದಳು.